ಬಳೆ ದುಂಡಗೆ ಕಂಡ ಪರದೆ

ಜನವರಿ 6, ಸೋಮವಾರ. ಬೆಳಿಗ್ಗೆ 10

ಇವತ್ತೂ ಸಿಪಿಯು ಏಳಲಿಲ್ಲ. ಮೂರನೇ ದಿನ. ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಅಷ್ಟೇ. ಚಳ್ಳಕೆರೆಯ ಇಫ್ತಿಕಾರ್‌ಗೆ ಫೋನ್ ಮಾಡಿದೆ. ನನಗೆ ಸೀರೆ ಡಿಸೈನ್ ಕಲಿಸಿದ ಓಂಕಾರಮೂರ್ತಿ ಸಾರ್ ಇದ್ದಾಗಿನಿಂದ ಈ ಕಂಪ್ಯೂಟರ್ ನೋಡುವವನು ಅವನೇ. “ಅಕ್ಕಾ, ಅದು ಮುದುಕ ಆಗೈತೆ. ಎಷ್ಟು ದಿನ ಅಂತ ಎಬ್ಬಿಸ್ತೀರಿ? ಹೊಸದೇ ಹಾಕ್ಕೊಡ್ತೀನಿ ಬಿಡ್ರಿ” ಅಂದ.

ಸಂಜೆ 5

ಬಂದ, ಹಾಕಿದ, ಹೋದ. ಕರಿ ಸಿಪಿಯು. ಒಳಗೆ ಗ್ರಾಫಿಕ್ಸ್ ಕಾರ್ಡ್ ಅಂತ ಬೇರೆಯೇ ಒಂದು ಹಲಗೆ, ಅದಕ್ಕೇ ಪ್ರತ್ಯೇಕ ಎರಡು ಫ್ಯಾನ್. ಜೊತೆಗೆ ಅಗಲದ ಮಾನಿಟರ್, ಕ್ಯಾಲೆಂಡರ್‌ನಷ್ಟು ತೆಳ್ಳಗೆ. ಹಳೆಯ ಡಬ್ಬ ಮಾನಿಟರನ್ನು — ಬೆನ್ನು ಮೊಳದುದ್ದ ಚಾಚಿದ್ದು, ಸಾರ್ ತಂದದ್ದು — ಎಕ್ಸ್‌ಚೇಂಜ್ ಎಂದು ತನ್ನ ಗಾಡಿಗೆ ಹಾಕಿಕೊಂಡು ಹೋದ. ನಾನು ಬೇಡ ಅನ್ನಲಿಲ್ಲ. ಎರಡೂ ಪಕ್ಕ ಎರಡೆರಡು ಬೆರಳು ಕಪ್ಪು ಪಟ್ಟಿ ಬಿಟ್ಟುಕೊಂಡು ನಡುವೆ ಮಾತ್ರ ಚಿತ್ರ ತೋರಿಸುತ್ತಿತ್ತು. ವಯಸ್ಸಾದ ಮೇಲೆ ಹಾಗೇ ಇರಬೇಕು ಅಂದುಕೊಂಡಿದ್ದೆ. ಹೊಸದರಲ್ಲಿ ಈ ತುದಿಯಿಂದ ಆ ತುದಿವರೆಗೆ ಬೆಳಕು. ಮೇಜಿನ ಮೇಲೆ ಎಷ್ಟೊಂದು ಜಾಗ! ಖುಷಿಯಾಯಿತು, ಸುಳ್ಳೇಕೆ.

ಜನವರಿ 7, ಮಂಗಳವಾರ

ಎಲ್ಲವೂ ದಪ್ಪ!

ನವಿಲು ದಪ್ಪ. ಮಾವಿನಕಾಯಿ ದಪ್ಪ. ಸಾರ್ ಬಿಡಿಸಿದ ಹಂಸ ಬಾತುಕೋಳಿ ಆಗಿ ಕೂತಿದೆ. ಹದಿನಾಲ್ಕು ವರ್ಷದಲ್ಲಿ ನಾನು ಬಿಡಿಸಿದ ಅಂಚು, ಸೆರಗು ಎಲ್ಲಕ್ಕೂ ಹೊಟ್ಟೆ ಬಂದಿದೆ. ಇಫ್ತಿಕಾರ್‌ಗೆ ಫೋನ್.

“ಅಗಲದ ಸ್ಕ್ರೀನ್ ಅಲ್ವಾ ಅಕ್ಕಾ, ಸೆಟಿಂಗ್ ತಪ್ಪಿದ್ರೆ ಎಳೆದು ತೋರಿಸ್ತೈತೆ. ಒಂದು ಸರ್ಕಲ್ ಬಿಡಿಸಿ ನೋಡ್ರಿ. ಮೊಟ್ಟೆ ಥರ ಕಂಡ್ರೆ ಸ್ಕ್ರೀನಿಂದು ತಪ್ಪು. ದುಂಡಗೆ ಕಂಡ್ರೆ ಸ್ಕ್ರೀನ್ ಸರಿ ಐತೆ.”

ಬಿಡಿಸಿದೆ. ಕಣ್ಣಿಗೆ ನಂಬಿಕೆ ಬರಲಿಲ್ಲ. ಕೈಯಿಂದ ಬಳೆ ತೆಗೆದು ಪರದೆಗೆ ಹಿಡಿದೆ. ಸುತ್ತಲೂ ಗೆರೆಗೆ ಗೆರೆ ಕೂತಿತು. ದುಂಡಗೇ ಇದೆ.

ಹಾಗಾದರೆ ಪರದೆ ಸುಳ್ಳು ಹೇಳುತ್ತಿಲ್ಲ. ಫೈಲುಗಳೇ ಕೆಟ್ಟಿವೆ. ಹಳೆ ಡಿಸ್ಕಿನಿಂದ ಕಾಪಿ ಮಾಡುವಾಗ ಏನೋ ಆಗಿರಬೇಕು. “ಅಂಗೆಲ್ಲ ಆಗಲ್ಲ ಅಕ್ಕಾ” ಅಂದ ಇಫ್ತಿಕಾರ್. ಆಗಲ್ಲ ಅಂದರೆ? ಕಣ್ಣೆದುರೇ ಆಗಿದೆಯಲ್ಲ!

ಜನವರಿ 9, ಗುರುವಾರ

ಗಂಗಲಕ್ಷ್ಮಿ ಬಂದಿದ್ದಳು. ಇಪ್ಪತ್ತೆರಡು ವರ್ಷ ಅತ್ತೆಯ ಮಗ್ಗದಲ್ಲಿ ನೇಯ್ದವಳು; ಸ್ವಂತ ಮಗ್ಗ ಹೂಡಿ ಎರಡು ವರ್ಷ. ಫೆಬ್ರವರಿ 23ಕ್ಕೆ ಮಗಳ ಮದುವೆ. ಮಗಳಿಗೆ ಸೀರೆ ಗಂಡಿನ ಮನೆಯವರೇ ತರುತ್ತಾರಂತೆ. ಇವಳು ಕೇಳಿದ್ದು ತನಗೆ.

“ಇಷ್ಟು ವರ್ಸ ನೇಯ್ದೆ ಶಶಿ, ನನ್ನ ಕೈಯಾಗಿಂದು ಒಂದೂ ನನ್ನ ಮೈಮೇಲೆ ಬಂದಿಲ್ಲ. ಎಲ್ಲಾ ಅಂಗಡಿಗೇ ಹೋದ್ವು. ಧಾರೆ ಎರೆಯೋವಾಗ ನಾ ನೇಯ್ದಿದ್ನೇ ಉಟ್ಕಂಬೇಕು. ಓಂಕಾರಮೂರ್ತಿ ಸಾರ್ ಹಂಸ ಐತಲ್ಲ, ಆ ಅಂಚೇ ಬೇಕು.”

ರೇಷ್ಮೆ ಒಂದೇ ಸೀರೆಗೆ ಆಗುವಷ್ಟು ಇದೆ. ಹಾಸು ಆಗಲೇ ಮಗ್ಗಕ್ಕೆ ಏರಿಸಿದ್ದಾಳೆ. ಹಾಸು ಅಂದರೆ ಉದ್ದದ ಎಳೆಗಳು. ಅಡ್ಡ ನುಗ್ಗುವುದು ಹೊಕ್ಕು. ನನ್ನ ಕೆಲಸ ಅಂಚಿನ ಚಿತ್ರ ಬಿಡಿಸುವುದು. ಪರದೆಯ ಅಡ್ಡ ಸಾಲಿನ ಒಂದು ಚುಕ್ಕಿಗೆ ಹಾಸಿನ ಒಂದು ಎಳೆ, ಉದ್ದ ಸಾಲಿನ ಒಂದು ಚುಕ್ಕಿಗೆ ಒಂದು ಹೊಕ್ಕು. ಅದನ್ನು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ, ಕಾರ್ಡು ಹೇಳಿದ ಎಳೆಯನ್ನು ಮಗ್ಗ ಎತ್ತುತ್ತದೆ.

ಬಾತುಕೋಳಿಯನ್ನು ಅವಳಿಗೆ ತೋರಿಸಲು ನಾಚಿಕೆಯಾಯಿತು. ಪರದೆ ಆಫ್ ಮಾಡಿ ಮಾತಾಡಿಸಿ ಕಳಿಸಿದೆ. ಸರಿ ಮಾಡಿ ಕೊಡುತ್ತೇನೆ.

ಜನವರಿ 13, ಸೋಮವಾರ. ಮಧ್ಯಾಹ್ನ

ನಾಲ್ಕು ದಿನ ಕೂತು ಹಂಸವನ್ನು ತಿದ್ದಿದೆ. ಎರಡೂ ಪಕ್ಕದಿಂದ ಚುಕ್ಕಿ ತೆಗೆದು ಮೈ ಇಳಿಸಿದೆ. ಕುತ್ತಿಗೆ ಸಪೂರ ಆಯಿತು, ರೆಕ್ಕೆ ಹಗುರ ಆಯಿತು. ಸಾರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು — ಇಲ್ಲ, ತಟ್ಟುತ್ತಿರಲಿಲ್ಲ, “ಹೂಂ” ಅನ್ನುತ್ತಿದ್ದರು. ಅಷ್ಟಾದರೂ ಅನ್ನುತ್ತಿದ್ದರು. ಕಾರ್ಡು ಹೊಡೆಯಲು ಕೊಟ್ಟಿದ್ದೇನೆ. ನಾಳೆ ಸಂಕ್ರಾಂತಿ. ಎಳ್ಳು ಇನ್ನೂ ಹುರಿದಿಲ್ಲ.

ಜನವರಿ 18, ಶನಿವಾರ

ಗಂಗಲಕ್ಷ್ಮಿ ಫೋನ್. “ಶಶಿ, ಒಂದ್ಸಲ ಬಂದೋಗು.”

ಹೋದೆ. ಮಗ್ಗದ ಮೇಲೆ ನಾಲ್ಕು ಬೆರಳು ಅಂಚು ಬಂದಿದೆ. ಹಂಸ ಅಲ್ಲ. ಕೊಕ್ಕರೆ! ಉದ್ದ ಕಾಲಿನ, ಉದ್ದ ಕುತ್ತಿಗೆಯ, ಹಸಿದ ಕೊಕ್ಕರೆ.

ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು. ದೀಪದ ಕೆಳಗೆ ಕೂತು ನೇಯ್ದದ್ದನ್ನು ಒಂದೊಂದೇ ಎಳೆ ಹಿಂದಕ್ಕೆ ಬಿಚ್ಚತೊಡಗಿದಳು. ಬಿಚ್ಚಿದ ಜರಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಅದು ಇನ್ನು ಕೆಲಸಕ್ಕೆ ಬಾರದು.

“ಒಂದ್ಸಲ ಬಿಚ್ಚಿದ್ರೆ ಹಾಸು ತಡಕಂತೈತೆ. ಇನ್ನೊಂದ್ಸಲ ಬಿಚ್ಚಿದ್ರೆ ನೂಲು ನವೆದೋಗ್ತೈತೆ. ನೀ ಹೇಳು, ಏನ್ ಮಾಡನ?”

“ಸ್ವಲ್ಪ ದಿನ ತಡಿ ಗಂಗಕ್ಕ” ಅಂದೆ. ದಾರಿಯುದ್ದಕ್ಕೂ ಮುಖ ಬಿಸಿ ಬಿಸಿ. ಮನೆಗೆ ಬಂದು ಅನ್ನಕ್ಕೆ ಕೂರಲಾಗಲಿಲ್ಲ.

ಜನವರಿ 20, ಸೋಮವಾರ. ಬೆಳಿಗ್ಗೆ 6

ನಿನ್ನೆ ಬರೆಯಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು.

ಸಮಾಧಾನವಾಗಿ ಯೋಚಿಸಿದೆ. ಸಾರ್ ಹಂಸವನ್ನು ಹಿಂದೆ ಎಷ್ಟೋ ಸೀರೆಗೆ ನೇಯ್ದಿದ್ದಾರೆ, ಹಂಸವೇ ಬಂದಿದೆ. ಆ ಫೈಲು ಇಲ್ಲಿ ಬಾತುಕೋಳಿ. ನಾನು ಇಲ್ಲಿ ಹಂಸ ಮಾಡಿದೆ, ಅಲ್ಲಿ ಕೊಕ್ಕರೆ ಆಯಿತು. ಮಗ್ಗ ಬದಲಾಗಿಲ್ಲ. ಕಾರ್ಡು ಹೊಡೆಯುವವರು ಬದಲಾಗಿಲ್ಲ. ಸಿಪಿಯು ಬದಲಾದರೂ ಫೈಲು ಕೆಡಲ್ಲ ಅಂದಿದ್ದ ಇಫ್ತಿಕಾರ್. ಇನ್ನು ಬದಲಾದದ್ದು ಮಾನಿಟರ್ ಒಂದೇ. ಆದರೆ ಅದರಲ್ಲಿ ಬಳೆ ದುಂಡಗೆ ಕಾಣುತ್ತದಲ್ಲ?

ಹಳೆಯ ಮಾನಿಟರ್‌ನಲ್ಲಿ ಈ ಫೈಲನ್ನು ಒಂದು ಸಲ ನೋಡಬೇಕು. ನೋಡಲೇಬೇಕು. ಮತ್ತೇನೂ ಹೊಳೆಯುತ್ತಿಲ್ಲ. ಇಫ್ತಿಕಾರ್‌ಗೆ ಫೋನ್ ಮಾಡಿದೆ. “ಅದಾ? ಅಂಗಡಿ ಹಿಂದುಗಡೆ ಎಲ್ಲೋ ಐತೆ ಅಕ್ಕಾ” ಎಂದು ನಕ್ಕ. ಎಲ್ಲೋ!

ಜನವರಿ 21, ಮಂಗಳವಾರ

ಚಳ್ಳಕೆರೆಗೆ ಹೋಗಿ ಬಂದೆ. ಮಾನಿಟರ್ ಸಿಕ್ಕಿತು. ಇಫ್ತಿಕಾರ್‌ನ ಅಂಗಡಿ ಹಿಂದಿನ ಮನೆಯಲ್ಲಿ, ಅವನ ತಾಯಿ ಚಮನ್ ಬೀ ಅದರ ತಲೆಯ ಮೇಲೆ ನೀರಿನ ಮಡಕೆ ಇಟ್ಟಿದ್ದರು! ಕೆಳಗೆ ಮಣೆ, ಮೇಲೆ ಒದ್ದೆ ಬಟ್ಟೆ. ನನ್ನ ಎದೆ ಧಸಕ್ಕೆಂದಿತು.

“ನೀರು ಒಳಗೆ ಇಳಿದಿಲ್ಲಮ್ಮಾ, ನೋಡು, ಬಟ್ಟೆ ಹಾಕೀನಲ್ಲ” ಅಂದರು ಚಮನ್ ಬೀ. “ಎತ್ತರ ಬರಾಬ್ಬರ್ ಇತ್ತು. ನೀ ಒಯ್ದ್ರೆ ನನ್ನ ಮಡಕೆಗೆ ಏನು?”

“ಅಮ್ಮೀ, ಸ್ಟೂಲ್ ತಂದ್ಕೊಡ್ತೀನಿ” ಅಂದ ಇಫ್ತಿಕಾರ್, ಮುಖ ಕೆಂಪಗೆ ಮಾಡಿಕೊಂಡು.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹದಿನೈದು ಕೆಜಿಗೆ ಕಡಿಮೆ ಇಲ್ಲ. ನಡುವಿನ ತಳಕು ಊರು ದಾಟುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು. ಪಕ್ಕದ ಹೆಂಗಸು, “ಟೀವಿ ರಿಪೇರಿಗೆ ಒಯ್ದಿದ್ರಾ?” ಅಂದಳು. ಹೂಂ ಅಂದೆ. ಹಳೆ ಮಾನಿಟರ್‌ನಲ್ಲಿ ಹಂಸ ನೋಡಬೇಕು ಅಂತ ಹೇಳಿದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು.

ಜನವರಿ 22, ಬುಧವಾರ

ತಂದದ್ದೇನೋ ತಂದೆ. ಚುಚ್ಚುವುದೆಲ್ಲಿ?

ಹಳೆಯ ಕೇಬಲ್ಲಿಗೆ ನೀಲಿ ತಲೆ, ಮೂರು ಸಾಲಿನಲ್ಲಿ ಹದಿನೈದು ಪಿನ್. ಹೊಸ ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಮೂರು ಕಿಂಡಿ — ಎರಡು ಚಪ್ಪಟೆ, ಒಂದು ಬಿಳಿಯದು, ತುಂಬಾ ತೂತಿನದು. ನೀಲಿಯದು ಇಲ್ಲವೇ ಇಲ್ಲ. ಇಫ್ತಿಕಾರ್ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚಿಕ್ಕ ಜೋಡಣೆ ಕಳಿಸಿದ. ಒಂದು ಕಡೆ ನೀಲಿಗೆ, ಇನ್ನೊಂದು ಕಡೆ ಬಿಳಿಗೆ. ಬಸ್‌ಸ್ಟ್ಯಾಂಡಿನಲ್ಲಿ ಕಾದು ತಂದೆ. ಅದೂ ಕೂರಲಿಲ್ಲ. ಜೋಡಣೆಯಲ್ಲಿ ನಾಲ್ಕು ಪಿನ್ ಹೆಚ್ಚಿಗೆ ಇವೆ, ಕಾರ್ಡಿನಲ್ಲಿ ಆ ನಾಲ್ಕು ತೂತೇ ಇಲ್ಲ.

ವಿಡಿಯೋ ಕಾಲ್ ಮಾಡಿ ತೋರಿಸಿದೆ.

“ಆ ನಾಲ್ಕು ಕಟ್ ಮಾಡಿಬಿಡ್ರಿ ಅಕ್ಕಾ. ಸುಮಾರು ಮಂದಿ ಅಂಗೇ ಮಾಡ್ತಾರೆ.”

“ಏನಾಗಲ್ವಾ?”

“ಏನಾಗ್ತೈತೆ? ಕೂತ್ಕಂತೈತೆ.”

ಉಗುರು ಕಟರ್ ತಗೊಂಡು ಕಟ್, ಕಟ್, ಕಟ್, ಕಟ್. ಕೂತಿತು, ನಿಜ. ಮಾನಿಟರ್ ಹಚ್ಚಿದೆ. ಕಪ್ಪು. ದೀಪ ಮಿಣುಕುತ್ತಿದೆ, ಪರದೆ ಕಪ್ಪು. ಬಿಚ್ಚಿ ಹಾಕಿದೆ, ಕಪ್ಪು. ಇಫ್ತಿಕಾರ್ ಆ ಕಡೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಏನೋ ಹುಡುಕತೊಡಗಿದ. ಆಮೇಲೆ, “ಅಕ್ಕಾ... ಹಳೆ ಮಾನಿಟರ್‌ಗೆ ಬೇಕಾದ ಸಿಗ್ನಲ್ ಬರೋದೇ ಆ ನಾಲ್ಕರಾಗೆ ಅಂತೆ. ಈಗ ಓದಿದೆ” ಅಂದ.

ಕಟ್ ಮಾಡಿಸಿದ ಮೇಲೆ ಓದುತ್ತಾನೆ! ನಗು ಬಂತು, ಅಳುವೂ ಬಂತು. ಕಾರ್ಡಿನಲ್ಲಿ ಆ ತೂತುಗಳೇ ಇಲ್ಲ ಅಂದರೆ ಆ ಸಿಗ್ನಲ್ಲೂ ಇಲ್ಲ. ಪಿನ್ ಇದ್ದಿದ್ದರೂ ಅಷ್ಟೇ ಆಗುತ್ತಿತ್ತು. ಕಾರ್ಡು ಒಂದು ಭಾಷೆ, ಮಾನಿಟರ್ ಇನ್ನೊಂದು ಭಾಷೆ. ನಡುವೆ ಅರ್ಥ ಹೇಳುವವರು ಬೇಕು, ಸುಮ್ಮನೆ ಕೈ ಹಿಡಿಸುವವರು ಸಾಲದು. ಅಂಥದ್ದೂ ಸಿಗುತ್ತದಂತೆ. ಕನ್ವರ್ಟರ್. ತರಿಸುತ್ತಾನೆ.

ಗಂಗಲಕ್ಷ್ಮಿ ಮನೆ ಮುಂದೆ ಹೋಗುವುದು ತಪ್ಪಿಸಿ ಹಿಂದಿನ ಬೀದಿಯಿಂದ ಬಂದೆ. ಮಗ್ಗದ ಸದ್ದು ಇರಲಿಲ್ಲ.

ಜನವರಿ 24, ಶುಕ್ರವಾರ. ಸಂಜೆ 6

ಇಫ್ತಿಕಾರ್ ಜುಮ್ಮಾ ನಮಾಜ್ ಮುಗಿಸಿಕೊಂಡು ಮೂರೂವರೆಗೆ ಬಂದ. ತಾನೇ ತಂದು ತಾನೇ ಹಾಕಿದ. ಪಿನ್ ಕತ್ತರಿಸಿದ ಪಾಪಕ್ಕೆ ಇರಬೇಕು. ಕನ್ವರ್ಟರ್ ಹೆಬ್ಬೆರಳಿನಷ್ಟಿದೆ, ಒಳಗೆ ಚಿಪ್ ಇದೆಯಂತೆ. ಚಪ್ಪಟೆ ಕಿಂಡಿಗೆ ಅದು, ಅದಕ್ಕೆ ನೀಲಿ ತಲೆ. ಹೊಸ ಮಾನಿಟರನ್ನು ಪಕ್ಕದ ಕಿಂಡಿಗೆ ಸರಿಸಿದ.

ಹಳೆಯದು ಎಚ್ಚರವಾಯಿತು! ಆದರೆ ಚಿತ್ರ ಇಲ್ಲ. ಒಂದು ಚೌಕದಲ್ಲಿ “ಔಟ್ ಆಫ್ ರೇಂಜ್” ಎಂದು ಬರೆದುಕೊಂಡು ಆ ಮೂಲೆಯಿಂದ ಈ ಮೂಲೆಗೆ ತೇಲುತ್ತಿದೆ.

“ಹೊಸ ಕಾರ್ಡ್ ತುಂಬಾ ದೊಡ್ಡ ಚಿತ್ರ ಕಳಿಸ್ತೈತೆ. ಇದಕ್ಕೆ ಅಷ್ಟು ನುಂಗೋ ಶಕ್ತಿ ಇಲ್ಲ” ಎಂದು ಹೊಸದರಲ್ಲಿ ಸೆಟಿಂಗ್ ತೆರೆದು ಸೈಜ್ ಇಳಿಸುತ್ತಾ ಬಂದ. 1024ಕ್ಕೆ 768. ಪರದೆ ಒಮ್ಮೆ ಕತ್ತಲಾಗಿ, ಬೆಳಕಾಯಿತು. ಬಂತು! ಇಬ್ಬರೂ ಚಪ್ಪಾಳೆ ಹೊಡೆದೆವು.

ಹಂಸ ತೆರೆದೆ. ಬಾತುಕೋಳಿ.

ಇಲ್ಲೂ ಬಾತುಕೋಳಿ! ಬಳೆ ಹಿಡಿದೆ. ದುಂಡಗೇ ಕೂತಿತು. “ನಾ ಅವತ್ತೇ ಅಂದಿದ್ದೆ, ಸ್ಕ್ರೀನಿಂದು ತಪ್ಪಿಲ್ಲ” ಅಂದ ಇಫ್ತಿಕಾರ್. ಟೀ ಕುಡಿದು ಹೋದ.

ಒಂದು ತಿಂಗಳೂ ಉಳಿದಿಲ್ಲ ಮದುವೆಗೆ. ಒಂದು ಸೀರೆ ಕೇಳಿದಳು, ಜನ್ಮದಲ್ಲಿ ಒಂದು.

ಜನವರಿ 25, ಶನಿವಾರ. ಬೆಳಿಗ್ಗೆ 5.30

ಎದ್ದ ಕೂಡಲೇ ಹೊಳೆಯಿತು. ನಿನ್ನೆ ಪಕ್ಕದ ಕಪ್ಪು ಪಟ್ಟಿಗಳು ಇರಲಿಲ್ಲ! ಚಿತ್ರ ಪರದೆ ತುಂಬಾ ಇತ್ತು. ಎರಡು ಬೆರಳು ಕಪ್ಪು, ವಯಸ್ಸಾಗಿ ಬಂದದ್ದು ಅಂದುಕೊಂಡಿದ್ದೆನಲ್ಲ, ಅದು ಎಲ್ಲಿ ಹೋಯಿತು? ವಯಸ್ಸು ಹಿಂದಕ್ಕೆ ಹೋಗುತ್ತದೆಯೇ?

ಮತ್ತೊಂದು. ಸಾರ್ ಕೆಲವು ಬೆಳಿಗ್ಗೆ ಕೂತ ತಕ್ಷಣ ಸೆಟಿಂಗ್‌ನಲ್ಲಿ ಏನೋ ಒತ್ತುತ್ತಿದ್ದರು. ಮಾನಿಟರ್ ಟಪ್ ಅಂದು ಕತ್ತಲಾಗಿ ಮತ್ತೆ ಬರುತ್ತಿತ್ತು. ಮಂಪರು ಬಿಡಿಸುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಯಾಕೆ ಕೇಳಲಿಲ್ಲ ನಾನು?

7.15

ಸೆಟಿಂಗ್ ಒಳಗೆ, ಅದರ ಒಳಗೆ, ಇನ್ನೂ ಒಳಗೆ. ಒಂದು ಪಟ್ಟಿ ಸಿಕ್ಕಿತು. ರಿಫ್ರೆಶ್ ರೇಟ್ — ಸೆಕೆಂಡಿಗೆ ಎಷ್ಟು ಸಲ ಪರದೆ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳುತ್ತದೆ ಎಂಬ ಸಂಖ್ಯೆ. 60, 70, 75, 85. ನಿನ್ನೆ ಇಫ್ತಿಕಾರ್ 60ರಲ್ಲಿ ಬಿಟ್ಟಿದ್ದ. 85 ಒತ್ತಿದೆ.

ಟಪ್. ಕತ್ತಲು. ಬೆಳಕು.

ಎರಡು ಪಕ್ಕ ಎರಡೆರಡು ಬೆರಳು ಕಪ್ಪು. ನಡುವೆ ಹಂಸ. ಹಂಸವೇ! ಕೂಗಿಬಿಟ್ಟೆ. ಒಳಗಿನಿಂದ ಮನೆಯವರು “ಏನಾತು?” ಎಂದು ಓಡಿ ಬಂದರು. ಬಳೆ ಹಿಡಿದು ನೋಡಿದೆ. ಪರದೆಯ ಸರ್ಕಲ್ ಈಗ ಮೊಟ್ಟೆ! ಬಳೆ ತಪ್ಪಿದಲ್ಲಿ ಹಂಸ ಸರಿ ಇದೆ.

ನೋಡುತ್ತಾ ಕೂತು ಕೊನೆಗೆ ಅರ್ಥವಾಯಿತು. ನಮ್ಮ ಹಾಸಿನಲ್ಲಿ ಅಂಗುಲಕ್ಕೆ ನೂರು ಎಳೆ. ಹೊಕ್ಕು ಅಷ್ಟು ಒತ್ತಾಗಿ ಕೂರುವುದಿಲ್ಲ, ಎಂಬತ್ತೋ ಎಷ್ಟೋ. ಪರದೆಯ ಚುಕ್ಕಿ ಚೌಕ, ಮಗ್ಗದ ಚುಕ್ಕಿ ಚೌಕ ಅಲ್ಲ. ನೇಯ್ದಾಗ ಎಲ್ಲವೂ ಉದ್ದಕ್ಕೆ ಎಳೆಯುತ್ತದೆ. ಅದಕ್ಕೇ ಸಾರ್ ಮಾನಿಟರ್ ಅನ್ನೇ ಪಕ್ಕದಿಂದ ಹಿಸುಕಿ ಮಗ್ಗದ ಕಣ್ಣು ಮಾಡಿದ್ದರು! ಆ ಮಾನಿಟರ್ ಒಂದೊಂದು ನಂಬರಿಗೂ ಒಂದೊಂದು ಅಗಲ ನೆನಪಿಟ್ಟುಕೊಳ್ಳುತ್ತದೆ. ಬಿಚ್ಚಿದರೂ, ತಲೆಯ ಮೇಲೆ ಮಡಕೆ ಇಟ್ಟರೂ ಮರೆತಿಲ್ಲ.

ನನಗೆ ಕಲಿಸುವಾಗ ಸಾರ್ ಹೇಳಿದ್ದು ಇಷ್ಟೇ: “ಕಣ್ಣಿಗೆ ಸರಿ ಕಂಡ್ರೆ ಸರಿ.” ಕಣ್ಣಿಗೆ ತಾವೇ ಕನ್ನಡಕ ಹಾಕಿಟ್ಟದ್ದು ಹೇಳಲಿಲ್ಲ. ಹದಿನಾಲ್ಕು ವರ್ಷ ನಾನು ಬಿಡಿಸಿದೆನೋ, ಈ ಡಬ್ಬ ಬಿಡಿಸಿತೋ? ಸಿಟ್ಟು ಬಂತು ಸಾರ್ ಮೇಲೆ. ಸತ್ತು ಮೂರು ವರ್ಷವಾದವರ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು.

ಮಧ್ಯಾಹ್ನ 2

75 ಹಾಕಿದೆ. ಕಪ್ಪು ಪಟ್ಟಿ ಇದೆ, ಆದರೆ ಒಂದೇ ಬೆರಳು. 70ರಲ್ಲಿ ಅರ್ಧ ಬೆರಳು. 60ರಲ್ಲಿ ಏನೂ ಇಲ್ಲ. ಮೂರು ಬೇರೆ ಬೇರೆ ಹಿಸುಕು! ಯಾಕೆ ಮೂರು?

ಜನವರಿ 26, ಭಾನುವಾರ

ಸಾರ್ ಹೆಂಡತಿ ಗೀತಮ್ಮನವರ ಮನೆಗೆ ಹೋದೆ. ಅವರ ತವರು ರಾಯದುರ್ಗದ ಕಡೆ, ಮಾತಿನಲ್ಲಿ ತೆಲುಗು ಇಣುಕುತ್ತದೆ.

“ಏಮ್ಮಾ ಶಶಿ, ಎಷ್ಟು ದಿನ ಆತು ನೀ ಬಂದು! ಕೂಕೊ.”

ಮೂರು ನಂಬರಿನ ಮಾತು ಎತ್ತಿದೆ. ಅವರಿಗೆ ನಂಬರು ಗೊತ್ತಿಲ್ಲ. ಆದರೆ ಒಂದು ಹೇಳಿದರು. “ಯಾರ್ ಡಿಸೈನ್ ಕೇಳಾಕೆ ಬಂದ್ರೂ ಮೊದ್ಲು ಅವರ ಮಗ್ಗದತ್ರ ಹೋಗಿ ಭೂತಗನ್ನಡಿ ಇಟ್ಕಂಡು ಹೊಕ್ಕು ಎಣಿಸಿ ಬರೋರು. ಎಲ್ರ ಕೈ ಒಂದೇ ಅಲ್ಲ ಕಣೇ ಅನ್ನೋರು. ಸಿದ್ದಕ್ಕ ಹೊಕ್ಕು ಬಡಿಯೋ ಏಟು ಗಟ್ಟಿ, ಒತ್ತಾಗಿ ಕೂರ್ತೈತೆ. ಕೆಲವ್ರದು ಹಗುರ.”

“ಸಾರ್ ನನಗೆ ಯಾಕೆ ಹೇಳಲಿಲ್ಲ?”

ಗೀತಮ್ಮ ಒಳಗೆ ಹೋಗಿ ಆ ಭೂತಗನ್ನಡಿ ತಂದು ನನ್ನ ಕೈಗಿಟ್ಟರು. “ಕಂಪ್ಯೂಟರ್ ಬಲ್ಲೋರು ಅಂತ ಊರೆಲ್ಲಾ ಅನ್ನೋರು. ಆದ್ರೆ ಅದ್ರೊಳಗೆ ಈ ಲೆಕ್ಕ ಹಾಕೋದು ಅವರಿಗೆ ಬರ್ತಿರ್ಲಿಲ್ಲ. ಅದ್ಕೇ ಮಾನಿಟರ್‌ನೇ ಹಿಸುಕ್ಕೊಂಡ್ರು. ನಿಂಗೆ ಹೇಳಾಕೆ ನಾಚ್ಕೆ.”

ಸಿಟ್ಟು ಇಳಿಯಿತು. ಪಾಪ ಅನ್ನಿಸಿತು. ಅಷ್ಟು ಗತ್ತಿನ ಮನುಷ್ಯ!

ಬರುವಾಗ ಸಿದ್ದಕ್ಕನ ನೆನಪಾಯಿತು. ಸಾರ್ ಹೋದ ಮೇಲೆ ಆ ಅಜ್ಜಿ ಕಂಡಾಗಲೆಲ್ಲ, “ನಿನ್ನ ನವಿಲು ಕುಳ್ಳಗೆ ಬರ್ತಾವೆ ಕಣವ್ವ, ಸಾರ್ ಇದ್ದಂಗಲ್ಲ” ಅನ್ನುತ್ತಿದ್ದಳು. ಸಾರ್ ಮೇಲಿನ ಅಭಿಮಾನಕ್ಕೆ ನನ್ನನ್ನು ಚುಚ್ಚುತ್ತಾಳೆ ಎಂದು ಮುಖ ತಿರುಗಿಸಿ ಬರುತ್ತಿದ್ದೆ. ಅಜ್ಜಿ ಹೇಳಿದ್ದು ನಿಜವಾಗಿತ್ತು. ಮೂರು ವರ್ಷ ನಾನು 85ರಲ್ಲೇ ಕೂತು ಎಲ್ಲರಿಗೂ ಒಂದೇ ಅಳತೆ ಬಿಡಿಸಿದ್ದೇನೆ.

ಜನವರಿ 27, ಸೋಮವಾರ

ಗೀತಮ್ಮ ಕೊಟ್ಟ ಭೂತಗನ್ನಡಿ ಹಿಡಿದು ಎಣಿಸಲು ಹೊರಟೆ. ಮೊದಲು ಸಿದ್ದಕ್ಕ. ಅಂಗುಲಕ್ಕೆ ಎಂಬತ್ತೆಂಟು. ಮನೆಗೆ ಬಂದು ಒಂದು ಚೌಕ ಬಿಡಿಸಿ ಪರದೆಗೆ ಅಳತೆ ಟೇಪು ಹಿಡಿದೆ: ಉದ್ದ ನೂರಾದರೆ ಅಗಲ ಎಂಬತ್ತೆಂಟು ಬರಬೇಕು. 75ರ ಅಗಲಕ್ಕೆ ಸರಿಯಾಗಿ ಕೂತಿತು! 75 ಅಂದರೆ ಸಿದ್ದಕ್ಕ. ಬೆನ್ನು ಜುಂ ಅಂದಿತು.

ಮಧ್ಯಾಹ್ನ ಗಂಗಲಕ್ಷ್ಮಿ ಮನೆಗೆ. ಇವತ್ತು ಮುಂದಿನ ಬೀದಿಯಿಂದಲೇ ಹೋದೆ.

“ಬಂದ್ಯಾ? ನಾ ಅಂದ್ಕಂಡೆ ನೀ ಊರು ಬಿಟ್ಟೆ ಅಂತ.”

“ಗಂಗಕ್ಕ, ನಿನ್ನ ಏಟು ಎಣಿಸ್ಬೇಕು.”

“ಏಟು ಎಣಿಸ್ತಾರಾ ಯಾರಾದ್ರೂ?”

ಎಲ್ಲ ಹೇಳಿದೆ. ತಪ್ಪು ನನ್ನದೇ ಅಂತಲೂ ಹೇಳಿದೆ. ಕೇಳಿಸಿಕೊಂಡಳು. ಹಿಂದಿನ ಸೀರೆಯಿಂದ ಉಳಿದ ತುಂಡು ತಂದು ನನ್ನ ಮಡಿಲಿಗೆ ಹಾಕಿದಳು. ಎಣಿಸಿದೆ. ಎಪ್ಪತ್ತೆರಡು. ಮತ್ತೆ ಎಣಿಸಿದೆ. ಎಪ್ಪತ್ತೆರಡೇ. ಇಷ್ಟು ಹಗುರ ಕೈ!

“ಮೂರನೇ ಬಾಣಂತನ ಆದಾಗ್ಲಿಂದ ಬಲ ಭುಜ ಎತ್ತಾಕೆ ಬರಲ್ಲ. ಯಾರ್ಗೂ ಹೇಳಿಲ್ಲ. ಹೇಳಿದ್ರೆ ಅಂಗಡಿಯೋರು ನೂಲು ಕೊಡಲ್ಲ” ಅಂದಳು. ಸೆರಗು ಸರಿಮಾಡಿಕೊಂಡಳು.

ಎಪ್ಪತ್ತೆರಡು 85ಕ್ಕೂ ಇಲ್ಲ, 75ಕ್ಕೂ ಇಲ್ಲ, 70ಕ್ಕೂ ಇಲ್ಲ. ಸಾರ್ ಇವಳ ಕೈ ಎಣಿಸಿರಲೇ ಇಲ್ಲ. ಆಗ ಮಗ್ಗ ಅತ್ತೆಯದು, ಹೆಸರೂ ಅತ್ತೆಯದು. ಅಂದರೆ ಸಾರ್ ಹಂಸವನ್ನು ನಾನು ಇದ್ದ ಹಾಗೇ ಕೊಟ್ಟಿದ್ದರೂ ಇವಳ ಮಗ್ಗದಲ್ಲಿ ಅದು ಉದ್ದವೇ ಬರುತ್ತಿತ್ತು.

ಜನವರಿ 28, ಮಂಗಳವಾರ. ಬೆಳಿಗ್ಗೆ 8

ಇಫ್ತಿಕಾರ್, “ಈಗಿನ ಸಾಫ್ಟ್‌ವೇರ್‌ನಾಗೆ ಆ ಲೆಕ್ಕಕ್ಕೆ ಒಂದು ಬಾಕ್ಸೇ ಇರ್ತೈತೆ ಅಕ್ಕಾ” ಅಂದ. ನಮ್ಮದು ಹಳೆಯದು, ಹುಡುಕಿದೆ, ಇಲ್ಲ. ಹೊಸದು ತರಿಸಿ ಕಲಿಯುವಷ್ಟರಲ್ಲಿ ಮದುವೆ ಮುಗಿದಿರುತ್ತದೆ.

ಖಾಲಿ ಇರುವುದು 60 ಒಂದೇ. ಅದರಲ್ಲಿ ಪರದೆ ಅದುರುತ್ತದೆ, ಕಣ್ಣು ಉರಿಯುತ್ತದೆ, ಅದಕ್ಕೇ ಸಾರ್ ಮುಟ್ಟಿಲ್ಲ. ಇರಲಿ.

ಹದಿನಾಲ್ಕು ವರ್ಷದಲ್ಲಿ ಮಾನಿಟರ್ ಕೆಳಗಿನ ಬಟನ್‌ಗಳನ್ನು ಇವತ್ತೇ ಮೊದಲ ಸಲ ಮುಟ್ಟಿದ್ದು. ಅಗಲ ಇಳಿಸುತ್ತಾ ಹೋದೆ. ಕೊನೆಗೆ ಸೊನ್ನೆ. ಇನ್ನೂ ಸಾಲದು! ಆಮೇಲೆ ಎತ್ತರ ಏರಿಸಿದೆ, ಒಂದು, ಎರಡು, ಐದು. ಟೇಪು ಹಿಡಿದೆ. ಅಡ್ಡ ಎಪ್ಪತ್ತೆರಡು, ಉದ್ದ ನೂರು. ಬಂತು.

ಸಾರ್ ಹಂಸ ತೆರೆದೆ. ಈ ಪರದೆಯಲ್ಲಿ ಅದು ಅರೆ ಕೊಕ್ಕರೆ. ನೋಡಿ ಹೆದರಲಿಲ್ಲ. ಕೂತೆ. ಈ ಸಲ ಚುಕ್ಕಿ ತೆಗೆಯುವುದಲ್ಲ, ಸೇರಿಸುವುದು. ಒಂದು ಕಡೆ ಸೇರಿಸಿದರೆ ರೆಕ್ಕೆ ಕೆಡುತ್ತದೆ, ಇನ್ನೊಂದು ಕಡೆ ಕೊಕ್ಕು. ಸಾರ್ ಗೆರೆಯನ್ನು ಮುರಿದು ನನ್ನ ಗೆರೆ ಹಾಕಬೇಕಾಯಿತು.

ಜನವರಿ 30, ಗುರುವಾರ

ಮುಗಿಯಿತು. ಕಣ್ಣು ಕೆಂಪು. ಹೊಸ ಮಾನಿಟರ್‌ನಲ್ಲಿ ತೆರೆದರೆ ಹಂಸ ಚಪಾತಿ ಆಗಿ ಬಿದ್ದಿದೆ. ಇಫ್ತಿಕಾರ್‌ಗೆ ಫೋಟೋ ಕಳಿಸಿದೆ. “ಅಕ್ಕಾ, ಇದರ ಮೇಲೆ ಬಸ್ ಹೋಗೈತಾ?” ಎಂದು ಕೇಳಿದ.

ಕಾರ್ಡು ಹೊಡೆಯಲು ಕೊಟ್ಟೆ. ಇದು ತಪ್ಪಿದರೆ ಹಾಸು ತಡೆಯುವುದಿಲ್ಲ.

ಫೆಬ್ರವರಿ 4, ಮಂಗಳವಾರ. ಸಂಜೆ 4

ನಿನ್ನೆ ಗಂಗಲಕ್ಷ್ಮಿಗೆ ಕಾರ್ಡು ತಲುಪಿತು, ಆಗಿನಿಂದ ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇವತ್ತು ತಡೆಯಲಾರದೆ ಹೋದೆ.

ಬಾಗಿಲ ಹೊರಗಿನಿಂದಲೇ ಮಗ್ಗದ ಸದ್ದು ಕೇಳಿತು. ಒಳಗೆ ಹೋದೆ. ಗಂಗಲಕ್ಷ್ಮಿ ನನ್ನ ಕಡೆ ನೋಡಿದಳು, ಲಾಳಿ ನಿಲ್ಲಿಸಲಿಲ್ಲ. ನೇಯುವವರು ತಪ್ಪು ಕಂಡರೆ ಮೊದಲು ನಿಲ್ಲಿಸುವುದು ಲಾಳಿ. ಅದು ಓಡುತ್ತಲೇ ಇತ್ತು. ಬಗ್ಗಿ ನೋಡಿದೆ. ಅಂಚಿನಲ್ಲಿ ಒಂದರ ಹಿಂದೆ ಒಂದು, ಏಳು ಹಂಸ. ದಪ್ಪ ಇಲ್ಲ, ಸಪೂರ ಇಲ್ಲ. ಕುತ್ತಿಗೆ ಬಾಗಿದ್ದು ನನ್ನ ಗೆರೆ. ಅಳು ಬಂತು. ಅವಳ ಮುಂದೆಯೇ ಅತ್ತುಬಿಟ್ಟೆ.

“ಅಳ್ಬ್ಯಾಡ, ಜರಿ ಮೇಲೆ ಬೀಳ್ತೈತೆ” ಅಂದಳು. ಆಮೇಲೆ, “ನನ್ನ ಏಟು ಆ ಡಬ್ಬದಾಗೆ ಇಟ್ಯಾ?” ಅಂದಳು.

“ಇಟ್ಟೀನಿ.”

“ಕರೆಂಟ್ ಹೋದ್ರೆ?”

“ಹೋದ್ರೂ ಇರ್ತೈತೆ.”

“ಈ ಭುಜ ಪೂರಾ ಹೋದ್ರೆ?”

ಹೂಂ ಎಂದು ತಲೆಯಾಡಿಸಿದೆ. ಅವಳು ಮತ್ತೆ ಲಾಳಿ ಎಸೆದಳು. ಹಗುರ ಏಟು. ಇಷ್ಟು ದಿನ ಆ ಸದ್ದು ಕೇಳಿದ್ದೆ, ಎಷ್ಟು ಹಗುರ ಎಂದು ಕಿವಿಗೆ ಬಿದ್ದದ್ದು ಇವತ್ತು.

ಸಂಜೆ 6

70 ಯಾರದು ಎಂದು ಇನ್ನೂ ಗೊತ್ತಾಗಿಲ್ಲ. ಎಂಟು ಮಗ್ಗ ಎಣಿಸಿದೆ, ಯಾರದೂ ಕೂರಲಿಲ್ಲ. ತುಂಬಾ ಗಟ್ಟಿ ಕೈ. ಈಗ ನೇಯದವರದೋ, ಈಗ ಇಲ್ಲದವರದೋ. ಯಾರದೇ ಆಗಲಿ, ಒಳಗೆ ಇದೆ. ಗಂಗಕ್ಕನೂ ಇದ್ದಾಳೆ.

ಈಗ ತಾನೇ ಇಫ್ತಿಕಾರ್ ಫೋನ್‌ನಲ್ಲಿ ಹೇಳಿದ — ಮಾನಿಟರ್ ಕೆಳಗೆ ಬಲಗಡೆಯ ಕೊನೆಯ ಬಟನ್ ಇದೆಯಲ್ಲ, ಅದನ್ನು ಒತ್ತಿ ಹಿಡಿದರೆ ಎಲ್ಲ ಅಳಿಸಿ ಕಂಪನಿಯಿಂದ ಬಂದ ದಿನದ ಹಾಗೆ ಆಗುತ್ತದಂತೆ. ನಾನು ದಿನಾ ಧೂಳು ಒರೆಸುವುದು ಅದರ ಮೇಲೆಯೇ! ಗಟ್ಟಿ ಟೇಪ್ ಎಲ್ಲಿದೆ, ಅಡುಗೆಮನೆಯ ಡ್ರಾಯರ್‌ನಲ್ಲಿ ಇರಬೇಕು. ಮೊದಲು ಅದನ್ನು ಹಚ್ಚಿ ಬಂದು ಉಳಿದದ್ದು ಬರೆ—